ಬಂದೂಕಿನ ಹಿಂಬಾಯಿ

ಇನ್ನ ಮ್ಯಾಲೆ ಈ ಮನ್ಯಾಗ "ಫ್ಯಾನ ಹಚ್ಚವಾ" ಅಂತ ಯಾರಿಗೂ ಬಾಯಿಬಿಟ್ಟು ಕೇಳೂದಿಲ್ಲ! ಹಂಗಂತ ನಾ ಆಣಿ ಮಾಡಿದಾಗ ಮಂಚದ ಮ್ಯಾಲೆ ಮಕ್ಕೊಂಡಿದ್ದೆ, ಎಡಗಾಲಿನ ಮೊಣಕಾಲಿಗೆ ಪಟ್ಟಿ ಸುತ್ತಿದ್ರು. ಮಕ್ಕೊಂಡು ಮಾಡಿದ ಆಣಿ ಅಂತ ಹಗರ ತಿಳೀಬ್ಯಾಡ್ರಿ. ಅರಸರಿಗೆ ಸಿಂಹಾಸನ ಇತ್ತು, ಕುಂತು ಮಾಡಿದ್ರು. ನನಗ ಇದ್ದದ್ದು ಮಂಚ.

ಆಗಿದ್ದು ಇಷ್ಟ. ಬಚ್ಚಲದಾಗ ಕಾಲು ಜಾರಿ ಮೊಣಕಾಲು ಉಳುಕಿತು. ಡಾಕ್ಟರು, "ಎಂಟು ದಿನ ನೆಲಕ್ಕ ಭಾಳ ಕಾಲು ಊರಬ್ಯಾಡ್ರಿ, ಆಮ್ಯಾಲೆ ಸಾವಕಾಶ ಅಡ್ಡಾಡ್ರಿ" ಅಂದ್ರು. ಸವಣೂರಿನ ಮೇ ತಿಂಗಳು! ಮಂಚ ಪಡಸಾಲ್ಯಾಗ, ಸ್ವಿಚ್ಚಿನ ಬೋರ್ಡು ಎದುರಿನ ಗ್ವಾಡಿಗೆ, ನಡುವ ಹನ್ನೆರಡು ಹೆಜ್ಜಿ. ಫ್ಯಾನ ಹಚ್ಚಿದ್ರ ಮೈಕೈ ಹಿಡಿತೈತಿ, ಆರಿಸಿದ್ರ ಜೀವ ಬೇಯ್ತೈತಿ. ಹಿಂಗಾಗಿ ತಾಸಿಗೆ ನಾಕು ಸಲ "ಶೈಲಾ, ಹಚ್ಚು", ನಾಕು ಸಲ "ಶೈಲಾ, ಆರಿಸು". ನನ್ನ ಸೊಸಿ ಶೈಲಶ್ರೀ ಬಂಗಾರದಂಥಾಕಿ. ಆದ್ರ ಆ ಬಿಸಿಲಿಗೆ ಬಂಗಾರನೂ ಕರಗಾಕ ಹತ್ತಿತ್ತು.

"ಅತ್ತಿ, ನಮ್ಮವ್ವನ್ನ ಕರಸ್ತೇನ್ರಿ. ಹದಿನೈದು ದಿನ ನಿಮ್ಮ ಮಗ್ಗಲದಾಗ ಇರ್ತಾಳ" ಅಂದ್ಳು.

ಹದಿನೈದು ದಿನ! ಆಕಿ ಅವ್ವ, ಅಂದ್ರ ನಮ್ಮ ಬೀಗತಿ, ದುಂಡಸಿ ಊರಾಕಿ ಸರೋಜವ್ವ. ಮನಸು ಹಾಲು. ಆದ್ರ ಆ ಹಾಲು ಒಂದು ಕಡೆ ನಿಂದ್ರೂದಿಲ್ಲ, ಉಕ್ಕತೈತಿ! ಹೋದ ಸಲ ಮೂರ ದಿನಕ್ಕ ಅಂತ ಬಂದು ನಮ್ಮ ಅಡಗಿಮನಿ ಡಬ್ಬಿಗೋಳ್ನೆಲ್ಲಾ ಎತ್ತರದ ಪ್ರಕಾರ ಸಾಲು ನಿಲ್ಲಿಸಿ ಹೋದ್ಳು. ಜೀರಿಗಿ ಹುಡುಕಾಕ ನನಗ ಒಂದು ವಾರ ಹಿಡೀತು. ನನ್ನ ಮಂಚದ ತಲಿದಿಕ್ಕನೂ ತಿರುಗಿಸಿದ್ಳು, ನಾ ಮಕ್ಕೊಂಡಾಗನ! ಅಂಥಾಕಿ ಹದಿನೈದು ದಿನ ಇದ್ರ ಈ ಮನ್ಯಾಗ ನಾ ಯಾರು, ಗ್ವಾಡಿಗಿಟ್ಟ ಕಸಬರಿಗಿ ಯಾರು?

"ಶೈಲಾ, ಐತವಾರ ತನಕ ತಡಿ" ಅಂದೆ. "ನೆಲಕ್ಕ ಕಾಲು ಊರದ, ಈ ಮಂಚದ ಮ್ಯಾಲಿಂದನ ನಾ ಫ್ಯಾನ ಹಚ್ಚಿ ಆರಿಸಿ ತೋರಸ್ತೇನಿ. ತೋರಿಸಿದೆ ಅಂದ್ರ ನಿಮ್ಮವ್ವ ಬರೂದು ಬ್ಯಾಡ."

"ತೋರಸಾಕ ಆಗಲಿಲ್ಲಂದ್ರ?"

"ಹದಿನೈದು ದಿನ ಯಾಕ, ತಿಂಗಳ ಇರ್ಲಿ!"

"ಆತ್ರಿ. ಅವ್ವಗ ಐತವಾರ ಮಧ್ಯಾಹ್ನದ ಬಸ್ಸಿಗೆ ಬಾ ಅಂತ ಹೇಳಿರ್ತೇನಿ. ಅಷ್ಟ್ರಾಗ ತೋರಿಸಿದ್ರ ಫೋನ ಮಾಡಿ ಬ್ಯಾಡ ಅಂತೇನಿ. ಆದ್ರ ಹೆಂಗ ಹಚ್ಚತೀರಿ? ಊದಿ ಹಚ್ಚತೀರೇನ್ರಿ?"

ಸೊಸಿ ನಕ್ಕೋತ ಒಳಗ ಹೋದ್ಳು. ನಗೂದೇನೋ ನಕ್ಳು, ಆದ್ರ ಆಕಿ ಹೇಳಿದ್ದು ಖರೇನ. ಗಾಳಿ! ಗಾಳಿಯಿಂದನ ಹಚ್ಚಬೇಕು!

ನಮ್ಮ ಮನಿ ಬಾಜೂ ಮಜೀದನ ಫ್ಯಾನ್ಸಿ ಅಂಗಡಿ. ಸ್ಪಂಜಿನ ಗುಂಡು ಹಾರಸೋ ಆಟದ ಬಂದೂಕು ಅಂವ ಮಾರ್ತಾನ. ಕಿಟಕ್ಯಾಗಿಂದ ಕೂಗಿ ಕರದೆ.

"ಒಂದು ಐತ್ರಿ ದೊಡ್ಡವ್ವ, ಆದ್ರ ಅದರ ಮುಂದಿನ ಬಾಯಿ ಮುರದೈತಿ. ಗುಂಡು ತುಂಬಾಕ ಬರೂದಿಲ್ಲ. ಸುಮ್ನ ಇಟಗೋರಿ" ಅಂದ.

"ಮುಂದಿಂದ ಬರದಿದ್ರ ಹಿಂದಿಂದ ತುಂಬತೇನಿ."

"ಹಿಂದ ಬಾಯಿನ ಇಲ್ಲಲ್ರಿ ಅದಕ್ಕ?"

"ನಾ ಮಾಡ್ತೇನಿ!"

ಮಜೀದ ನನ್ನ ಮೊಣಕಾಲ ನೋಡಿದ, ಆಮ್ಯಾಲೆ ನನ್ನ ತಲಿ ನೋಡಿದ. ಪೆಟ್ಟು ಎಲ್ಲಿಗೆ ಬಿದ್ದೈತಿ ಅಂತ ಅವಗ ಗೊಂದಲ ಆಗಿರಬೇಕು.

ಅವಗೇನು ಗೊತ್ತು ಪಾಪ. ನಮ್ಮನಿಯವರು ಮೂವತ್ತೆರಡು ವರ್ಷ ಪಂಪಿನ ಸ್ಟೋವ್ ರಿಪೇರಿ ಮಾಡಿದವರು. ಅವರ ಮಗ್ಗಲದಾಗ ಕುಂತು ಚರ್ಮದ ವಾಶರ ಕತ್ತರಿಸಿಕೊಟ್ಟಾಕಿ ನಾನು. ಬಂದೂಕು ಬಿಚ್ಚಿ ನೋಡಿದೆ, ಅದೂ ನಮ್ಮ ಪಂಪನ! ಹಿಡಿಕಿ ಜಗ್ಗಿದ್ರ ಸ್ಪ್ರಿಂಗು ಬಿಗಿತೈತಿ. ಬೆರಳಿನ ಬುಡದಾಗಿನ ಕುದುರಿ ಒತ್ತಿದ್ರ ಸ್ಪ್ರಿಂಗು ಗಾಳಿ ದೂಡ್ತೈತಿ, ಗಾಳಿ ಗುಂಡು ದೂಡ್ತೈತಿ. ಸ್ಪ್ರಿಂಗು ಬಡಕಲು ಇತ್ತು. ನಮ್ಮನಿಯವರ ತಗಡಿನ ಪೆಟಗಿ ತರಿಸಿ, ಅದರಾಗಿನ ಗಟ್ಟಿದೊಂದು ಹಾಕಿದೆ.

ಆಮ್ಯಾಲೆ ಹಿಂಬಾಯಿ. ನಳದವರು ಬಿಟ್ಟುಹೋದ ಪೈಪಿನ ತುಂಡು ಅಟ್ಟದ ಮ್ಯಾಲಿದ್ವು, ಅವನ್ನೂ ತರಿಸಿದೆ. ಅರ್ಧ ಇಂಚಿನ ಪೈಪಿನಾಗ ಗುಂಡು ಬಿಗಿ ಆಗದ, ಸಡ್ಲ ಆಗದ ಕುಂತಿತು, ಅದನ್ನ ಮುರದ ಬಾಯಿ ಜಾಗಾಕ್ಕ ಜೋಡಿಸಿದೆ. ಅದರ ಬೆನ್ನಿಗೆ ಗುಂಡು ಮಕ್ಕೊಳ್ಳೋಷ್ಟು ಒಂದು ಕಿಟಕಿ ಕೊರದೆ. ಎಷ್ಟು ಅಂದ್ರ, ಗುಂಡಿನ ಉದ್ದಕ್ಕ ಒಂದು ಜ್ವಾಳದ ಕಾಳಿನಷ್ಟು ಹೆಚ್ಚು. ಎರಡು ಕಾಳಾಗಿದ್ರ ಗಾಳಿ ಸೋರತೈತಿ. ಮ್ಯಾಲೆ ಮುಕ್ಕಾಲು ಇಂಚಿನ ಪೈಪಿನ ತುಂಡು ಅಂಗಿ ಹಂಗ ತೊಡಿಸಿದೆ. ಅಂಗಿ ಹಿಂದ ಸರಿಸಿದ್ರ ಕಿಟಕಿ ತೆರೀತು, ಗುಂಡು ಇಡೂದು. ಮುಂದ ಸರಿಸಿದ್ರ ಮುಚ್ಚಿತು, ಹೊಡಿಯೂದು. ಎರಡು ದಿನ ಉಜ್ಜಿದೆ, ಅಳತಿ ಮಾಡಿದೆ, ಮತ್ತ ಉಜ್ಜಿದೆ. ಅಂಗಿಗೂ ಪೈಪಿಗೂ ನಡುವಿನ ಸಂದಿಗೆ ಚರ್ಮದ ವಾಶರ ಕುಂದ್ರಿಸಿ, ಸ್ಟೋವಿಗೆ ಹಾಕಿದಂಗ ಕೊಬ್ಬರಿ ಎಣ್ಣಿ ಉಣಿಸಿದೆ.

ತಪ್ಪಿದ್ದು ಅಲ್ಲೇ! ಸ್ಟೋವಿನಾಗ ಎಣ್ಣಿ ಕುಡಿಯಾಕ ಸ್ಪಂಜು ಇರೂದಿಲ್ಲ. ಇಲ್ಲಿ ನನ್ನ ಗುಂಡು ರಾತ್ರಿಯೆಲ್ಲಾ ಒಳಗ ಮಕ್ಕೊಂಡು, ಎಣ್ಣಿ ಕುಡದು, ಬಾಣಂತಿ ಹಂಗ ಉಬ್ಬಿ ಕುಂತಿತ್ತು. ನನಗ ಗೊತ್ತಿಲ್ಲ. ಶುಕ್ರವಾರ ಮುಂಜಾನೆ ಬೋರ್ಡಿಗೆ ಗುರಿ ಹಿಡದು ಕುದುರಿ ಒತ್ತಿದೆ. ಗುಂಡು ಮುಂದ ಹೋಗಲಿಲ್ಲ. ಗಾಳಿಗೆ ದಾರಿ ಬೇಕಲ್ಲ? ಅಂಗಿನ್ನ ಹಿಂದ ದೂಡಿ, ಕಿಟಕಿ ತೆರದು, ಗುಂಡನ್ನ ನನ್ನ ತಲಿ ಮ್ಯಾಲೆ ಹಾರಿಸಿತು! ಹಿಂದಿನ ಗ್ವಾಡಿಗೆ ನಮ್ಮನಿಯವರ ಫೋಟೋ. ಸರೀಗೆ ಮೂಗಿಗೆ ಬಡೀತು. ಮಾಲಿ ಸಮೇತ ಅವರು ಹಾರಿ ನನ್ನ ತೊಡಿಮ್ಯಾಲೆ ಬಂದು ಕುಂತ್ರು.

"ಏನಾತ್ರಿ ಅತ್ತಿ, ಏನ ಸಪ್ಪಳ?" ಒಳಗಿಂದ ಸೊಸಿ.

"ಏನಿಲ್ಲವಾ, ನಿಮ್ಮ ಮಾವ ಮಾತಾಡ್ಸಾಕ ಬಂದಾರ."

"ಚಾ ಇಡ್ಲೇನ್ರಿ ಹಂಗಾರ?"

ಅವರ ಮುಖ ನೋಡಿದ ಕೂಡಲೆ ನನಗ ತಿಳೀತು. ಬದುಕಿದ್ದಾಗ ಅಂತಿದ್ದ ಮಾತ ಅಂದಂಗಾತು: "ಗಾಳಿ ತಡಿಯೂದು ವಾಶರ ಅಲ್ಲ, ಆ ವಾಶರನ್ನ ಹಿಡಕೊಂಡಿರೂದು." ಹೌದು, ಅಂಗಿಗೆ ಚಿಲಕ ಎಲ್ಲೈತಿ? ಎಣ್ಣಿ ಒರಸಿ ಮೈಗೆ ಹಚ್ಚೋ ಪೌಡರ ಹಾಕಿದೆ. ಹಳೀ ಕಪಾಟಿನ ಸಣ್ಣ ಚಿಲಕ ಬಿಚ್ಚಿಸಿ ಅಂಗಿಗೆ ತಂತಿಲೆ ಬಿಗದೆ. ಶನಿವಾರ ಸಂಜೀಕೆ ಹೊಡದೆ ನೋಡ್ರಿ, ಟಪ್! ಗುಂಡು ಹನ್ನೆರಡು ಹೆಜ್ಜಿ ದಾಟಿ ಎದುರಿನ ಗ್ವಾಡಿಗೆ ಬಡದು ತಿರುಗಿ ಎರಡು ಹೆಜ್ಜಿ ಬಂತು. ಗಾಳಿ ಒಂದು ಎಳಿಯಷ್ಟೂ ಸೋರಿಲ್ಲ!

ಮಜೀದ ಬಂದು ನೋಡಿ, "ದೊಡ್ಡವ್ವ, ನೀವು ದಿಲ್ಲ್ಯಾಗ ಇರಬೇಕಿತ್ರಿ" ಅಂದ. "ಗಡಿ ಕಾಯಾಕ."

ಆ ಹೊಗಳಿಕಿಗೆ ಉಬ್ಬಿದ ನಾನು ಒಂದ ಒಂದು ಮಾತು ಮರತೆ. ಬಂದೂಕು ನೆಟ್ಟಗಾತು. ಹೊಡಿಯೋ ಕಣ್ಣು ಎಪ್ಪತ್ತೆರಡು ವರ್ಷದ್ದು.

ಐತವಾರ ಮುಂಜಾನೆ ಶೈಲಶ್ರೀ, "ಸಂತ್ಯಾಗಿಂದ ಬಂದ ಕೂಡಲೆ ತೋರಿಸ್ರಿ" ಅಂತ ಚೀಲ ಹಿಡದು ಹ್ವಾದ್ಳು. ಮಗ ಡ್ಯೂಟಿಗೆ ಹೋಗಿದ್ದ. ಆಕಿ ಬರೂದ್ರೊಳಗ ಒಂದು ತಾಲೀಮು ಆಗ್ಲಿ ಅಂತ ಬಂದೂಕಿನ ಜೋಡಿ ಬಂದಿದ್ದ ಆರೂ ಗುಂಡು ಮಗ್ಗಲದಾಗ ಸಾಲು ಇಟ್ಟೆ. ಬೋರ್ಡಿನಾಗ ಐದು ಸ್ವಿಚ್ಚು. ಮ್ಯಾಲಿಂದು ಫ್ಯಾನು. ಎಲ್ಲಾಕಿಂತ ಕೆಳಗ, ಎಲ್ಲಾಕಿಂತ ದಪ್ಪನ್ನದು ನೀರಿನ ಮೋಟರಿಂದು.

ಮೊದಲ್ನೇದು ಕ್ಯಾಲೆಂಡರಿಗೆ. ಎರಡ್ನೇದು, ಟಿಕ್! "ಹತ್ತಿತು!" ಅಂತ ಚಪ್ಪಾಳಿ ಹೊಡದೆ. ಮ್ಯಾಲೆ ನೋಡಿದ್ರ ಫ್ಯಾನು ನಿಂತ ನಿಂತೈತಿ. ಹಿತ್ತಲದಾಗ ಮೋಟರು ಗುರ್ರ್ ಅನ್ನಾಕತ್ತೈತಿ!

ಮಾಳಗಿ ಮ್ಯಾಲಿನ ನೀರಿನ ಟಾಕಿ ಮುಂಜಾನೆನ ತುಂಬಿತ್ತು. ಎರಡು ನಿಮಿಷದಾಗ ಅದರ ಪೈಪು ಬಾಯಿ ತೆರದು ಮುಂದಿನ ಕಟ್ಟಿಮ್ಯಾಲೆ ದಬದಬ ಸುರಿಯಾಕತ್ತಿತು. ಎದ್ದು ಹೋಗಿ ಆರಿಸಬಹುದಿತ್ತು, ಕೋಲು ಮಂಚಕ್ಕ ಆನಿಸಿತ್ತು. ಆದ್ರ ಕಾಲು ಊರಿದ್ರ ಶರ್ತು ಸೋತಂಗ. ಶರ್ತು ಸೋತ್ರ ಸರೋಜವ್ವ, ಒಂದು ತಿಂಗಳು! ಹಲ್ಲು ಕಚ್ಚಿ ಮೂರ್ನೇದು ಹೊಡದೆ. ಪರದೆಗೆ ಬಡೀತು. ನಾಕ್ನೇದು ಗಡಿಯಾರಕ್ಕ. ಐದ್ನೇದು ಬಾಗಲದ ಹೊರಗ ಹೋತು.

"ದೊಡ್ಡವ್ವಾ!" ಮಜೀದ ಅಂಗಡ್ಯಾಗಿಂದ ಒದರಿದ. "ನೀರ್ರಿ, ನೀರು! ನನ್ನ ಗೊಂಬಿಗೋಳು ಈಸಾಕತ್ತಾವು!"

"ಒಂದು ಗುಂಡು ಉಳದೈತಿ, ತಡಿಯಪಾ!"

ಆರ್ನೇದು ಎಲ್ಲಿ ಹೋತು ಇನ್ನೂ ಸಿಕ್ಕಿಲ್ಲ.

ಅಷ್ಟ್ರಾಗ ಹೊರಗ, "ಅಯ್ಯ ಶಿವನ!" ಅಂತ ಒಂದು ಧ್ವನಿ. ಆ ಧ್ವನಿ ನನಗ ಗೊತ್ತು. ಮಧ್ಯಾಹ್ನದ ಬಸ್ಸಿಗೆ ಬರಬೇಕಾದಾಕಿ ಮುಂಜಾನೆ ಬಸ್ಸಿಗೆ ಬಂದು, ಕಟ್ಟಿಮ್ಯಾಲೆ ಚಪ್ಪಲಿ ಬಿಡಾಕ ಬಗ್ಗಿದ್ಳಂತ. ಸರೀಗೆ ಪೈಪಿನ ಕೆಳಗ! ಸರೋಜವ್ವ ಬಾಗಲದಾಗ ಬಂದು ನಿಂತ್ಳು. ಸೀರಿ, ಚೀಲ, ಕುಂಕುಮ ಎಲ್ಲಾ ಸೋರಾಕತ್ತಿದ್ವು. ಕೈಯಾಗ ನನ್ನ ಐದ್ನೇ ಗುಂಡು.

"ಏನ್ರಿ ಬೀಗತ್ಯಾರ, ಬರೂ ಮಂದಿಗೆ ಕಾಲಿಗೆ ನೀರು ಕೊಡ್ತಾರ. ನೀವು ತಲಿಗೇ ಕೊಟ್ರಲ್ರಿ!"

ಮೋಟರಿನ ಸಪ್ಪಳ ಕೇಳಿ ಸೀದಾ ಬೋರ್ಡಿಗೆ ಕೈ ಚಾಚಿದ್ಳು.

"ಕೈ ಹಚ್ಚಬ್ಯಾಡ್ರಿ!" ಅಂತ ಚೀರಿದೆ. "ಮಂಚದ ಮ್ಯಾಲಿಂದನ ಆರಿಸಬೇಕು, ಶರ್ತು ಐತ್ರಿ!"

ಯಾವ ಶರ್ತು, ಯಾಕ ಶರ್ತು ಅಂತ ಬ್ಯಾರೆದಾಕಿ ಆಗಿದ್ರ ಕೇಳ್ತಿದ್ಳು. ಸರೋಜವ್ವ ಬಂದು, ಹಸೀ ಸೀರ್ಯಾಗನ ನನ್ನ ಹಾಸಿಗಿಮ್ಯಾಲೆ ಕುಂತ್ಳು. "ಇದಕ್ಕ ಗುಂಡು ಎಲ್ಲಿ ಇಡೂದು?" ನಾ ಅಂಗಿ ಸರಿಸಿ ತೋರಿಸಿದೆ. "ಹಿಂದಿಂದೇನ್ರಿ? ನಿಮಗ ಮುಂದಿನ ಬಾಯಿ ಒಂದು ಸಾಲಲಿಲ್ಲೇನು?" ಅಂದಾಕಿನ ಕೈಯಾಗಿನ ಗುಂಡು ಇಟ್ಟು ಚಿಲಕ ಹಾಕಿದ್ಳು, ಒಂದು ಕಣ್ಣು ಮುಚ್ಚಿದ್ಳು, ಕುದುರಿ ಒತ್ತಿದ್ಳು.

ಟಿಕ್. ಮೋಟರು ನಿಂತಿತು.

ನೆಲದ ಮ್ಯಾಲಿಂದು ಇನ್ನೊಂದು ಎತ್ತಿಕೊಂಡು ಬಂದು ಕುಂತ್ಳು. ಟಿಕ್. ಫ್ಯಾನು ತಿರುಗಾಕ ಹತ್ತಿತು!

"ಹದಿನಾರು ವರ್ಷ ಜ್ವಾಳದ ಹೊಲದಾಗ ಅಟ್ಟಣಿಗಿ ಮ್ಯಾಲೆ ನಿಂತು ಕವಣಿ ಬೀಸೇನ್ರಿ" ಅಂದ್ಳು. "ತೆನಿಗೆ ಬಡೀದಂಗ ಹಕ್ಕಿ ಎಬ್ಬಿಸಬೇಕಿತ್ತು. ಇದು ಗ್ವಾಡಿ, ಎಲ್ಲಿಗೆ ಹಾರಿ ಹೋಗತೈತಿ?"

ಅದ ಹೊತ್ತಿಗೆ ಶೈಲಶ್ರೀ ಬಂದ್ಳು. ಅವ್ವ ತೋಯಿಸಿಕೊಂಡು ಮಂಚದ ಮ್ಯಾಲೆ, ಕೈಯಾಗ ಬಂದೂಕು. ಮಗ್ಗಲದಾಗ ಅತ್ತಿ, ಮೈಮ್ಯಾಲೆ ಪೌಡರು. ಚೀಲ ಕೆಳಗ ಇಟ್ಟು, "ಶರ್ತು ಯಾರು ಗೆದ್ರಿ?" ಅಂದ್ಳು.

"ಬಂದೂಕು" ಅಂದೆ. ಬ್ಯಾರೆ ಏನು ಹೇಳಲಿ?

ತಿಂಗಳು ಇರ್ಲಿ ಅಂತ ನಾನ ಅಂದಿದ್ದೆ, ಹಿಂಗಾಗಿ ಸರೋಜವ್ವ ಇದ್ದಾಳ. ಡಬ್ಬಿಗೋಳು ಮತ್ತ ಸಾಲು ನಿಂತಾವು. ಆದ್ರ ಖರೇ ಹೇಳ್ತೇನಿ, ಆಕಿ ಹೊಡಿಯೂದು ನೋಡೂದ ಒಂದು ಚೆಂದ. ಹಚ್ಚಬೇಕೇನ್ರಿ ಅಂತ ಕೇಳೂದಿಲ್ಲ, ನನ್ನ ಹಣಿ ಮ್ಯಾಲೆ ಬೆವರು ಕಂಡ್ರ ಟಿಕ್, ನಾ ಸೆರಗು ಹೊದ್ಕೊಂಡ್ರ ಟಿಕ್. ಹೊಡಿಯೂ ಹುರುಪಿನ್ಯಾಗ ಮಂಚ ಬಿಟ್ಟು ಏಳೂದಿಲ್ಲ. ಹಂಗಂದ ಮ್ಯಾಲೆ ಹೊಡದ ಗುಂಡು ಯಾರಾದ್ರೂ ಆರಿಸಿ ತರಬೇಕಲ್ಲ? ಎಂಟು ದಿನ ಮುಗದ ಮ್ಯಾಲೆ ಕೋಲು ಹಿಡದು ಸಾವಕಾಶ ನಾನ ಹೊಂಟೆ. ಹನ್ನೆರಡು ಹೆಜ್ಜಿ ಹೋಗೂದು, ಗುಂಡು ಆರಿಸೂದು, ಹನ್ನೆರಡು ಹೆಜ್ಜಿ ಬಂದು ಹಿಂಬಾಯಿ ತುಂಬಿ ಬೀಗತಿ ಕೈಯಾಗ ಕೊಡೂದು.

ಮೊನ್ನೆ ಹಿಂಗ ಬೋರ್ಡಿನ ಬುಡಕ್ಕ ಬಗ್ಗಿ ಗುಂಡು ಆರಸಾಕತ್ತಿದ್ದೆ. ಶೈಲಶ್ರೀ ಅಡಗಿಮನಿ ಬಾಗಲದಾಗ ನಿಂತು ಭಾಳ ಹೊತ್ತು ನೋಡಿದ್ಳು. ಆಮ್ಯಾಲೆ ಅಗದೀ ಮೆತ್ತಗ ಅಂದ್ಳು:

"ಅತ್ತಿ, ಹೆಂಗೂ ಅಲ್ಲಿ ಮಟಾ ಹೋಗೀರಿ. ಆ ಫ್ಯಾನೂ ಒಂದು ಒತ್ತಿ ಬರ್ರಿ."