ಮಾವ ಕುಡಿದರೆ ಹಗ್ಗ ಅತ್ತೆಯ ಕೈಗೆ

ನಮ್ಮ ಸೋದರಮಾವನಷ್ಟು ಶಿಸ್ತಿನ ಕುಡುಕನನ್ನು ಮಂಡ್ಯ ಸೀಮೆ ಹೆತ್ತಿಲ್ಲ! ನಗಬೇಡಿ. ಕುಡಿಯದವರು ಶಿಸ್ತಾಗಿದ್ದರೆ ಅದೇನು ಮಹಾ? ಕುಡಿದೂ ಶಿಸ್ತಾಗಿರಬೇಕು, ಅದು ಗಂಡಸುತನ ಎಂದು ಅವನೇ ಹೇಳುತ್ತಿದ್ದ.

ಕಬ್ಬು ಹೇರಿಕೊಂಡು ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಹೋಗುವಾಗ ಮಾವ ಒಂದು ಹನಿ ಮುಟ್ಟುತ್ತಿರಲಿಲ್ಲ. ಬರಿಗಾಡಿಯಲ್ಲಿ ವಾಪಸು ಬರುವಾಗ ಮದ್ದೂರಿನ ಹೆಂಡದಂಗಡಿ ಕಂಡರೆ ಎತ್ತುಗಳೇ ನಿಲ್ಲುತ್ತಿದ್ದವು! ಮಾವ ಇಳಿಯುವ ಮುಂಚೆ ಎತ್ತಿನ ಹಗ್ಗವನ್ನು ಜೊತೆಗೆ ಬಂದಿರುತ್ತಿದ್ದ ಅತ್ತೆಯ ಕೈಗೆ ಕೊಡುತ್ತಿದ್ದ. ತುಟಿಗೆ ಹೆಂಡ ತಾಗಿದ ಮೇಲೆ ಊರು ಸೇರುವವರೆಗೂ ಆ ಹಗ್ಗ ಮುಟ್ಟಿದರೆ ಮನೆದೇವರ ಆಣೆ! ಅವನು ಹಿಂದೆ ಹುಲ್ಲಿನ ಮೇಲೆ ಜಮೀನ್ದಾರನ ಹಾಗೆ ಒರಗಿರುತ್ತಿದ್ದ, ಅತ್ತೆ ಮುಂದೆ ಕೂತು ಗಾಡಿ ಹೊಡೆಯುತ್ತಿದ್ದಳು. ಆ ಕಾಲದಲ್ಲಿ ಹೆಂಗಸು ಗಾಡಿ ಹೊಡೆಯುವುದೆಂದರೆ! ಮದ್ದೂರು ಪೇಟೆಯೇ ನಗುತ್ತಿತ್ತು.

"ಏನ್ಲಾ, ಎಂಡ್ತಿ ಕೈಗೆ ಅಗ್ಗ ಕೊಟ್ಬುಟ್ಟಿದ್ದೀಯಾ?"

"ಊಂ ಕಣ್ಲಾ. ನೀನೂ ಕೊಡು, ನಿನ್ನ ಎತ್ತಾದ್ರೂ ಬದುಕ್ಕೊಂಡಾವು."

ಅಷ್ಟರಲ್ಲಿ ಹೊಸ ಹುಕುಂ ಬಂತು. ಕುಡಿದು ಗಾಡಿ ಓಡಿಸುವವರನ್ನು ಹಿಡಿದು ಕೋರ್ಟಿಗೆ ಎಳೆಯಬೇಕು. ಒಳ್ಳೆಯದೇ! ಆದರೆ ಈ ಕಾನೂನಿನ ಮೂಗು ವಿಚಿತ್ರದ್ದು. ಹೆಂಡದ ವಾಸನೆ ಅದಕ್ಕೆ ಹರದಾರಿ ದೂರದಿಂದಲೇ ಬಡಿಯುತ್ತಿತ್ತು. ಬ್ರಾಂದಿ ಮೂಗಿನಡಿಗೆ ಬಂದರೂ ಅತ್ತರು ಅನ್ನಿಸುತ್ತಿತ್ತು. ಗಾಡಿಯವನಿಗೆ ದಂಡ, ಬಸ್ಸಿನ ಡ್ರೈವರಿಗೆ ಬುದ್ಧಿಮಾತು, ಕಾರಿನವರಿಗೆ ಸಲಾಮು. ಹೀಗಾಗಿ ಗಾಡಿಗಳೆಲ್ಲ ನೆಟ್ಟಗೆ ಹೋಗತೊಡಗಿದವು, ಕಾರುಗಳು ಮಾತ್ರ ಸೊಟ್ಟಗೇ ಓಡುತ್ತಿದ್ದವು.

ನಾನು ಆಗ ಮಳವಳ್ಳಿಯಲ್ಲಿ ಮೇಷ್ಟ್ರು. ಒಂದು ಸಂಜೆ ಅದೇ ಗಾಡಿಯಲ್ಲಿ ಬರುತ್ತಿದ್ದಾಗ, ಮದ್ದೂರು ದಾಟಿದ ಮೇಲೆ ಪೊಲೀಸ್ ದಫೇದಾರ ಅಡ್ಡ ನಿಂತ. ಮಾವನ ಹತ್ತಿರ ಬಂದು, "ಊದ್ಲಾ!" ಎಂದ.

"ಊದೋದೇನ್ ಬಂತು ಸ್ವಾಮಿ? ಕುಡ್ದಿವ್ನಿ. ಗಾಡಿ ಒಡೀತಿರೋಳು ಅವ್ಳು."

ದಫೇದಾರ ಮಾವನನ್ನು ನೋಡಿದ, ಅತ್ತೆಯನ್ನು ನೋಡಿದ, ತಲೆ ಕೆರೆದುಕೊಂಡ. ಹುಕುಂನಲ್ಲಿ ಇದಕ್ಕೇನೂ ಹೇಳಿರಲಿಲ್ಲ!

ಆಗಲೇ ಎದುರಿನಿಂದ ದೊಡ್ಡ ಅಧಿಕಾರಿಯೊಬ್ಬರ ಕಾರು ರಸ್ತೆಯ ಎರಡೂ ಬದಿಯನ್ನು ತನಿಖೆ ಮಾಡುತ್ತ ಬಂತು. ಅತ್ತೆ ಸರಕ್ಕನೆ ಹಗ್ಗ ಎಳೆದು ಗಾಡಿಯನ್ನು ಅಂಚಿಗೆ ಸೇರಿಸಿದಳು. ಕಾರು ನಮ್ಮನ್ನು ಉಜ್ಜಿಕೊಂಡು ಹೋಗಿ ನಾಲೆಯ ಕೆಸರಿಗೆ ಇಳಿಯಿತು. ಸಾಹೇಬರೇ ಓಡಿಸುತ್ತಿದ್ದರು. ಬಾಗಿಲು ತೆಗೆದಾಗ ಮೊದಲು ಬ್ರಾಂದಿಯ ವಾಸನೆ ಇಳಿಯಿತು, ಸಾಹೇಬರು ಆಮೇಲೆ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ನಡುಗುತ್ತ ಕೂತಿದ್ದರು.

"ರೋಡೇ ಸರಿಯಿಲ್ಲ ಸ್ವಾಮಿ!" ಎಂದು ದಫೇದಾರ ಸಲಾಮು ಹೊಡೆದ.

ನಮ್ಮ ಎತ್ತುಗಳೇ ಕಾರನ್ನು ಮೇಲಕ್ಕೆ ಎಳೆದವು. ಮಾವ ಸುಮ್ಮನಿರಬಾರದೇ? "ಸ್ವಾಮಿ, ಇವತ್ತು ನಂದೂ ನಿಮ್ದೂ ಒಂದೇ ಗತಿ. ಚಕ್ರಾನ ಅಮ್ಮಾವ್ರ ಕೈಗೆ ಕೊಟ್ಬುಟ್ಟು, ನನ್ನಂಗೆ ಇಂದೆ ಮನಿಕ್ಕಳಿ!"

ಮುಗಿಯಿತು! ಗಾಡಿ ಅಡ್ಡ ಬಂದು ಕಾರು ನಾಲೆಗೆ ಬಿತ್ತೆಂದು ಕೇಸಾಯಿತು. ಗಾಡಿ ಹೊಡೆಯುತ್ತಿದ್ದವಳು ಅತ್ತೆಯಾದ್ದರಿಂದ ಕಟಕಟೆಯೂ ಅತ್ತೆಗೇ. ಹೆದರಿ ಅವಳು ಊಟ ಬಿಟ್ಟಳು. ತಾನೇ ಕುಡಿದು ಹೊಡೆದೆನೆಂದು ಮಾವ ಒಪ್ಪಿಕೊಂಡರೆ ಅವಳನ್ನು ಬಿಡುತ್ತೇವೆಂದು ದಫೇದಾರ ಹೇಳಿಕಳಿಸಿದ. ಅದು ಮಾವನ ಬಾಯಲ್ಲಿ ಬರುವ ಮಾತೇ? ಅವನಿಗೆ ಈ ಲೋಕದಲ್ಲಿ ಇದ್ದ ಹೆಮ್ಮೆ ಅದೊಂದೇ.

"ಗಾಡಿ ಯಾರು ಹೊಡೀತಿದ್ರು?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

ಮಾವ ತಲೆಯ ರುಮಾಲು ತೆಗೆದ. "ನಾನೇ ಸ್ವಾಮಿ. ಕುಡ್ದು ಒಡೀತಿದ್ದೆ."

ದಂಡ ಬಿತ್ತು. ಪೇಟೆಯವರು ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ಹೊರಗೆ ಬಂದ ಮೇಲೆ ಅತ್ತೆ ಅಳುತ್ತ, "ಸುಳ್ ಯಾಕೇಳಿದ್ರಿ? ಒಂದಿನಾನೂ ನೀವು ಕುಡ್ದು ಅಗ್ಗ ಮುಟ್ದೋರಲ್ಲ" ಎಂದಳು.

"ಸುಮ್ಕಿರಮ್ಮಿ. ನಿನ್ನ ಕಟಕಟೇಲಿ ನಿಲ್ಸಕ್ಕಾ ನಾನು ನಿನ್ ಕೈಗೆ ಅಗ್ಗ ಕೊಟ್ಟಿದ್ದು?"

ಅವತ್ತು ಮಾವ ಒಂದು ಹನಿಯೂ ಕುಡಿದಿರಲಿಲ್ಲ. ಆದರೂ ಅವನ ಮಾತು ತೊದಲುತ್ತಿತ್ತು.