ನಾನು ಓದಿ ಕೊಡಿಸಿದ ಲಾರಿ

ಗೊತ್ತಿಲ್ಲ ಎಂಬ ಮಾತು ಕೆಲವರ ಬಾಯಿಗೆ ಬರುವುದೇ ಇಲ್ಲ. ಅಂಥವರಲ್ಲಿ ಬಹಳ ಮಂದಿ ಮಾಸ್ತರಿಕೆಗೆ ಸೇರುತ್ತಾರೆ, ನಾನೂ ಸೇರಿದೆ. ಆಗ ಹಾವೇರಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಓಣಿಯಲ್ಲಿ ಯಾರಿಗೆ ತಂತಿ ಬಂದರೂ ಓದಿಸಲು ನನ್ನ ಮನೆಗೇ ತರುತ್ತಿದ್ದರು. ಸಾವಿನ ಸುದ್ದಿ ಓದುವಾಗಲೂ ಉಚ್ಚಾರಣೆ ಕೆಡದಂತೆ ನೋಡಿಕೊಳ್ಳುತ್ತಿದ್ದೆ. ಇಂಥ ಮನುಷ್ಯನ ಕೈಗೆ ಲಾರಿಯ ಪುಸ್ತಕ ಬರಬಾರದಿತ್ತು, ಬಂತು.

ನನ್ನ ಅಕ್ಕನ ಗಂಡ ವಿರೂಪಾಕ್ಷಪ್ಪನವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದರು. ಎತ್ತಿನ ಚಕ್ಕಡಿಗಳ ನಿಧಾನಕ್ಕೆ ಬೇಸತ್ತು, ರಾಣೆಬೆನ್ನೂರಿನಲ್ಲಿ ಒಬ್ಬರು ಮಾರಲಿಟ್ಟಿದ್ದ ಸಣ್ಣ ಲಾರಿಯನ್ನು ನೋಡಲು ಹೊರಟರು. ಓಡಿಸಿ ನೋಡಲು ಕರ್ಜಗಿಯ ಡ್ರೈವರ್ ಹುಸೇನಸಾಬ, ಲಾರಿಯ ಜೊತೆಗಿದ್ದ ಇಂಗ್ಲಿಷ್ ಪುಸ್ತಕ ಓದಲು ನಾನು. “ಒಂದೂ ಬಿಡದಂಗ ಓದಿ ಹೇಳು,” ಎಂದರು ಭಾವ. ಮೂವತ್ತು ಕುದುರೆಗಳ ಶಕ್ತಿ ಎಂದು ಓದಿದೆ. ಭಾವ ಲಾರಿಯ ಮೂತಿಯನ್ನು ಒಮ್ಮೆ ತಟ್ಟಿ, “ಇಷ್ಟರಾಗ ಮೂವತ್ತು ಕುದರಿ ಅದಾವೇನು?” ಎಂದು ಕೇಳಿದರು. “ಪುಸ್ತಕದಾಗ ಐತಿ,” ಎಂದೆ, ನಾನೇ ಅವನ್ನು ಒಂದೊಂದಾಗಿ ಒಳಗೆ ಕಟ್ಟಿ ಬಂದವನ ಹಾಗೆ. ಗಾಲಿಯ ಅಳತೆ, ದೀಪಗಳ ಸಂಖ್ಯೆ, ಎಣ್ಣೆಯ ಜಾತಿ, ಎಲ್ಲವನ್ನೂ ಪದ್ಯ ಓದುವ ರಾಗದಲ್ಲಿ ಓದಿದೆ.

ಹುಸೇನಸಾಬ ಕೇಳಿದ: “ಮಾಸ್ತರ್ರ, ನಿಂದ್ರೂದರ ಸಲುವಾಗಿ ಏನರ ಬರದಾರೇನ್ರಿ?”

ಬ್ರೇಕಿನ ಬಗ್ಗೆ ಒಂದು ಪುಟ ಪೂರ್ತಿ ಬರೆದಿದ್ದರು. ಅದರಲ್ಲಿದ್ದ ಮಾತುಗಳಲ್ಲಿ ಅರ್ಧವನ್ನು ನಾನು ಯಾವ ಪಾಠದಲ್ಲೂ ಕಂಡಿರಲಿಲ್ಲ. ಭಾವ ನನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದರು, ಲಾರಿಯ ಯಜಮಾನರೂ ನೋಡುತ್ತಿದ್ದರು. ಬಲ್ಲವನೊಬ್ಬ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆ ಪುಟವನ್ನು ನೋಡಿ ಮಗುಚಿದೆ. “ಅದೆಲ್ಲಾ ಬರೋಬರಿ ಐತಿ,” ಎಂದೆ. ಹುಸೇನಸಾಬ ನನ್ನ ಮುಖವನ್ನೊಮ್ಮೆ ನೋಡಿ, “ಆತ್ರಿ,” ಎಂದ. ಲಾರಿ ಬ್ಯಾಡಗಿಗೆ ಬಂತು.

ಮೆಣಸಿನಕಾಯಿ ಸುಗ್ಗಿ ಮುಗಿಯುವವರೆಗೆ ಏನೂ ತೊಂದರೆಯಾಗಲಿಲ್ಲ. ಚೀಲಗಳನ್ನು ಆಳೆತ್ತರ ಒಟ್ಟಿದರೂ ಅವು ಹಗುರ. ಸುಗ್ಗಿ ಮುಗಿದ ಮೇಲೆ ಭಾವ ಮನೆ ಕಟ್ಟಿಸಲು ತೊಡಗಿದರು; ಅದೇ ಲಾರಿಯಲ್ಲಿ ಚಪ್ಪಡಿ ಕಲ್ಲು ತರಿಸಿದರು. ಕರ್ಜಗಿಯ ಹತ್ತಿರದ ಇಳಿಜಾರಿನಲ್ಲಿ ಹುಸೇನಸಾಬ ಬ್ರೇಕು ತುಳಿದ. ಲಾರಿ ನಿಲ್ಲಲಿಲ್ಲ. ಮುಂದೆ ದಾರಿಯ ತುಂಬ ಮೇವಿನ ಹೊರೆ ಹೊತ್ತ ಹೆಂಗಸರಿದ್ದರು. ಅವನು ಲಾರಿಯನ್ನು ಪಕ್ಕದ ಹುಣಸೆಮರಕ್ಕೆ ತಿರುಗಿಸಿದ. ಹೆಂಗಸರು ಉಳಿದರು. ಹಿಂದಿದ್ದ ಕಲ್ಲುಗಳು ಮುಂದೆ ಜಾರಿ ಬಂದು ಅವನ ಬಲಗಾಲು ನುಜ್ಜಾಯಿತು. ಹಾವೇರಿಯ ದವಾಖಾನೆಯಲ್ಲಿ ಮೊಣಕಾಲಿಗಿಂತ ಮೇಲೆ ಅದನ್ನು ಕತ್ತರಿಸಿದರು.

ಅಂದು ಸಂಜೆ, ನನ್ನಲ್ಲೇ ಉಳಿದಿದ್ದ ಲಾರಿಯ ಪುಸ್ತಕ ತೆಗೆದು, ನಿಘಂಟು ಇಟ್ಟುಕೊಂಡು ಆ ಪುಟವನ್ನು ಓದಿದೆ. ಒಂದು ಟನ್ನಿಗಿಂತ ಹೆಚ್ಚು ಹೇರಿದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದು ಎಂದಿತ್ತು. ಅರ್ಥ ಹುಡುಕಲು ಹಿಡಿದದ್ದು ಕಾಲು ತಾಸು.

ಮರುದಿನ ದವಾಖಾನೆಗೆ ಹೋಗಿ ಹುಸೇನಸಾಬನ ಹಾಸಿಗೆಯ ಬಳಿ ಕುಳಿತು ಎಲ್ಲವನ್ನೂ ಹೇಳಿದೆ. ಅವನು, “ನಿಮಗ ತಿಳೀಲಿಲ್ಲ ಅನ್ನೂದು ನನಗ ಅವತ್ತ ತಿಳದಿತ್ರಿ ಮಾಸ್ತರ್ರ,” ಎಂದ. “ಮತ್ತ ಕೇಳಬೇಕಿತ್ತು. ಕೇಳಿದ್ರ ಸಾವಕಾರ್ರು ಲಾರಿ ಬ್ಯಾಡ ಅಂತಿದ್ರೋ ಏನೋ. ನನಗ ಅದನ್ನ ಓಡಸಬೇಕಿತ್ತು.”

ಭಾವನಿಗೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. “ಕಲ್ಲು ಹೇರಿಸಿದಾವ ನಾನು,” ಎಂದಷ್ಟೇ ಹೇಳಿ, ಹುಸೇನಸಾಬನಿಗೆ ಅಂಗಡಿಯಲ್ಲಿ ಕುಳಿತು ಚೀಲ ಹೊಲಿಯುವ ಕೆಲಸ ಕೊಟ್ಟರು. ನಾನು ಬ್ಯಾಡಗಿಗೆ ಹೋದಾಗಲೆಲ್ಲ ಅವನು ದಬ್ಬಣ ಕೆಳಗಿಟ್ಟು, “ಬರ್ರಿ ಮಾಸ್ತರ್ರ, ಕುಂದ್ರಿ,” ಎನ್ನುತ್ತಿದ್ದ. ನಾನು ಕೂರುತ್ತಿರಲಿಲ್ಲ.

ಮರುವರ್ಷ ಭಾವ ಇನ್ನೊಂದು ಲಾರಿ ಕೊಂಡರು. ಅದರ ಪುಸ್ತಕವನ್ನು ಅಂಚೆ ಕಚೇರಿಯ ಗುಮಾಸ್ತರೊಬ್ಬರಿಂದ ಓದಿಸಿದರೆಂದು ಅಕ್ಕ ಬಂದಾಗ ಹೇಳಿದಳು. ಆ ದಿನ ನನಗೆ ಊಟ ಸೇರಲಿಲ್ಲ. ಹುಸೇನಸಾಬನ ನೆನಪಾಗಿರಬೇಕೆಂದು ಹೆಂಡತಿ ಸಮಾಧಾನ ಮಾಡಿದಳು: “ಎಷ್ಟಂತ ಮನಸಿಗೆ ಹಚ್ಚಿಕೋತೀರಿ, ಏಳ್ರಿ, ಒಂದು ತುತ್ತು ಉಣ್ಣರಿ.” ಆ ಗುಮಾಸ್ತನ ಇಂಗ್ಲಿಷ್ ನನ್ನದಕ್ಕಿಂತ ಕಡಿಮೆ ಎಂಬ ಸಂಕಟ ಅದು ಎಂದು ನಾನು ಅವಳಿಗೆ ಹೇಳಲಿಲ್ಲ. ಎದ್ದು ಹೋಗಿ ಉಂಡೆ.