ತೇಲಿಹೋದ ಸಾಹುಕಾರ ಇಳದನೋ ಇಲ್ಲೋ?

ಎಲ್ಲಾರೂ ಸಿನಿಮಾಕ್ಕ ಹೋಗಿ ಸಿನಿಮಾ ನೋಡಿ ಬರ್ತಾರ. ನನ್ನ ಹಣೇಬರಹ ನೋಡ್ರಿ, ನಾ ಹೋದಲ್ಲೆಲ್ಲಾ ಮಂದೀನ ನೋಡಿ ಬರ್ತೀನಿ. ಒಂದೇ ಸಿನಿಮಾಕ್ಕ ಮೂರು ಸಲ ಕೂತು, ಮೂರೂ ಸಲ ಕಡೀ ಸೀನು ತಪ್ಪಿಸ್ಕೊಂಡಾಕಿ ಈ ಭೂಮಿ ಮ್ಯಾಲೆ ನಾ ಒಬ್ಬಾಕೀನೇ ಇರಬೇಕು. ನೀವು ಬೇಕಾದ್ರ ನಗ್ರಿ, ನನಗಂತೂ ಇನ್ನೂ ಮೈ ಉರೀತದ.

ಕಥಿ ಮಾತ್ರ ಭಾರಿ ಮಜಾ ಅದ. ಒಬ್ಬ ಕಿರಾಣಿ ಸಾಹುಕಾರ. ತಕ್ಕಡಿಯೊಳಗ ಮೋಸ ಮಾಡಿದಾಗೊಮ್ಮೆ ಅವನ ಮೈತೂಕ ಕಡಿಮಿ ಆಗ್ತದ. ಹಂಗ ಆಗಿ ಆಗಿ ಒಂದಿನ ನೆಲಾ ಬಿಟ್ಟು ಮ್ಯಾಲೆ ತೇಲ್ತಾನ. ಮೋಸ ಹೋದ ಮಂದೀನೇ ಪಾಪ ಅಂತ ಅವನ ಸೊಂಟಕ್ಕ ಹಗ್ಗಾ ಕಟ್ಟಿ ಬೇವಿನ ಗಿಡಕ್ಕ ಬಿಗೀತಾರ. ಮನಸಾರೆ ಯಾರಿಗರೆ ಏನರೆ ಕೊಟ್ರ ಮಾತ್ರ ತೂಕ ತಿರುಗಿ ಬರ್ತದ. ಕೊಡ್ತಾನೋ ಇಲ್ಲೋ, ಇಳೀತಾನೋ ಇಲ್ಲೋ, ಅದೇ ಕಡೀ ಸೀನು.

ಗೋಳಿಬಜೆ

ಆಗ ನಾ ನಾಸಿಕದ ಬ್ಯಾಂಕಿನಾಗಿದ್ದೆ. ಧಾರವಾಡದಿಂದ ವರ್ಗ ಆಗಿ ಬಂದಿದ್ದೆ. ನಮ್ಮ ಕನ್ನಡ ಸಂಘದವರು ಪಂಚವಟಿಯೊಳಗ ಒಂದು ಹಾಲ್ ಹಿಡಿದು ಸಿನಿಮಾ ಇಟ್ರು, ಫುಕಟ್, ಟಿಕೇಟೇ ಇಲ್ಲ. ನಾ ಲಗೂನೇ ಹೋದ್ರೂ ಖುರ್ಚಿ ಮ್ಯಾಲೆಲ್ಲಾ ಕರ್ಚೀಫು, ಓಢಣಿ, ನೀರಿನ ಬಾಟ್ಲಿ. ಬರಲಾರದ ಮಂದಿಗೂ ಜಾಗಾ ಹಿಡದಿದ್ರು! ದುರಾಸೆ ಬ್ಯಾಡ ಅನ್ನೋ ಸಿನಿಮಾನ ನಾ ಗ್ವಾಡಿಗೆ ಆತು ನಿಂತು ನೋಡಿದೆ.

ಸಂಘದ ಅಧ್ಯಕ್ಷರು ಉಡುಪಿ ಕಡೆಯವರು, ವೆಜ್ ಹೋಟೆಲ್ ಇಟ್ಟಾರ. ಭಾಳ ಒಳ್ಳೆ ಮನುಷ್ಯ, ಅವರ ಒಳ್ಳೆತನಾನೇ ನನಗ ಮುಳುವಾತು. ಹಿಂದಿನ ಕ್ವಾಣ್ಯಾಗ ಎಣ್ಣ್ಯಾಗ ಗೋಳಿಬಜೆ ಕರಿಸ್ಲಿಕ್ಕೆ ಹತ್ತಿದ್ರು. ತಿಂಡಿ ಆರಿದ್ರ ಹೋಟೆಲ್ಲಿನವರ ಜೀವಕ್ಕ ಸಮಾಧಾನ ಇರೋದಿಲ್ಲ ನೋಡ್ರಿ. ಅತ್ತ ಪರದೆ ಮ್ಯಾಲೆ ಸಾಹುಕಾರ ಗಿಡದ ತುದಿಗೆ ತೇಲ್ಕೋತ ಜೇಬಿಗೆ ಕೈ ಹಾಕಿದ. ಇತ್ತ ಇವರು ಲೈಟ್ ಹಚ್ಚಿ, “ಬಿಸಿ ಇರುವಾಗಲೇ ತಿನ್ನಿ ಮಾರಾಯ್ರೆ, ಸಿನಿಮಾ ಇನ್ನೊಮ್ಮೆಯೂ ನೋಡಬಹುದು” ಅಂದ್ರು.

ಹಾಲಿಗೆ ಹಾಲೇ ಎದ್ದು ಓಡಿತು. ಮಂದಿ ಹೋತು ಅಂತ ಮಷಿನ್ ನಡಸಾಂವಾ ಸಿನಿಮಾ ಬಂದ್ ಮಾಡಿ ತಾನೂ ಪಾಳಿಗೆ ನಿಂತ. ಎರಡೂ ಕೈಯಾಗ ತುಂಬಿದ ಪ್ಲೇಟ್ ಹಿಡ್ಕೊಂಡ ಒಬ್ಬ ಹಿರಿಯರು ನನ್ನ ಕಡೆ ತಿರುಗಿ, “ಮನುಷ್ಯಾಗ ಆಸೆ ಕಡಿಮಿ ಇರಬೇಕು ಅಂತ ಎಷ್ಟು ಚಂದ ತೋರ್ಸ್ಯಾರ ನೋಡ್ರಿ. ಚಟ್ನಿ ಎಲ್ಲೆ ಕೊಡ್ಲಿಕತ್ತಾರ?” ಅಂತ ಕೇಳಿದ್ರು.

ಬೆನ್ನು ಮಾಡಿ ನಿಂತಾಕಿ

ಮುಂದ ಸಂಭಾಜಿನಗರಕ್ಕ ವರ್ಗ ಆತು. ಊರ ಹೊರಗಿನ ಶೇಂದ್ರಾ ಫ್ಯಾಕ್ಟರಿಗಳಿಗೆ ಕೆಲಸಕ್ಕ ಹೋಗೋ ಕನ್ನಡದವರು ನಮ್ಮ ಸೊಸೈಟಿಯೊಳಗ ಭಾಳ ಮಂದಿ ಇದ್ರು. ಅವರೂ ಅದೇ ಸಿನಿಮಾ ತರಿಸಿದ್ರು. ಈ ಸಲ ಮೊದಲನೇ ಸಾಲಿನಾಗ ನಡುವಿನ ಖುರ್ಚಿ ಹಿಡದೆ. ಸಿಗ್ತಲ್ಲಪಾ ಅಂತ ಉಸರು ಬಿಡೋದ್ರಾಗ ಮರಾಠಿ ನೆರೆಮನಿಯವರು ಬಂದು ಕೂತ್ರು. ಅವರಿಗೆ ಕನ್ನಡ ಬರೋದಿಲ್ಲ. ಪಾಪ ಅನ್ನಿಸಿ ಬಾಜೂ ಕೂತಾಕಿಗೆ ಮೆಲ್ಲಕ ಮರಾಠಿಯೊಳಗ ಹೇಳ್ಲಿಕ್ಕೆ ಶುರು ಮಾಡಿದೆ. ಹಿಂದಿನವರು ನಮಗೂ ಹೇಳ್ರಿ ಅಂದ್ರು. ಅವರ ಹಿಂದಿನವರು ಕೇಳಸವಲ್ದು, ಎದ್ದು ನಿಲ್ರಿ ಅಂದ್ರು. ಕಡೀಕ ಕೈಯಾಗ ಮೈಕ್ ಕೊಟ್ಟು, ನಮ್ಮ ಕಡೆ ಮಾರಿ ಮಾಡಿ ಹೇಳ್ರಿ ಅಂದ್ರು.

ಹಿಂಗ ಪರದೆಗೆ ಬೆನ್ನು ಮಾಡಿ, ಕಿವಿಗೆ ಬಿದ್ದದ್ದನ್ನ ಹೇಳ್ಕೋತ ನಿಂತೆ. ಕಡೀ ಸೀನಿಗೆ ಮಾತೇ ಇಲ್ಲ ಅಂತ ನನಗೇನು ಗೊತ್ತು? ಹಾಲೆಲ್ಲಾ ಪರದೆಗೇ ಕಣ್ಣು ನೆಟ್ಟಿತು. ಆಮ್ಯಾಲೆ ನಕ್ಕರು, ಕಣ್ಣು ಒರಸ್ಕೊಂಡ್ರು, ಚಪ್ಪಾಳಿ ಹೊಡದ್ರು. ನಾ ತಿರುಗೋದ್ರಾಗ ಪರದೆ ಮ್ಯಾಲೆ ಬರೇ ಹೆಸರು ಓಡ್ಲಿಕತ್ತಿದ್ವು. ಅಷ್ಟ್ರಾಗ ಸೊಸೈಟಿ ಸೆಕ್ರೆಟರಿ ಬಂದು ನನಗ ಶಾಲು ಹೊಚ್ಚಿ, “ಎಲ್ಲಾ ಛಲೋ ಹೇಳಿದ್ರಿ ಮ್ಯಾಡಮ್, ಅದ್ರಾಗೂ ಕಡೀ ಸೀನು!” ಅಂದ್ರು.

ಮನ್ಮಾಡದ ಅವ್ವಾ

ನಾಸಿಕದ ಸಂಘದವರು ಮೊನ್ನೆ ಅದೇ ಸಿನಿಮಾನ ಫೋನಿಗೆ ಕಳಸಿದ್ರು. ಒಂದೇ ದಿನ ನೋಡ್ಲಿಕ್ಕೆ ಸಿಗ್ತದಂತ. ಅವತ್ತೇ ನಾ ಊರಿಗೆ ಹೊಂಟು ಮನ್ಮಾಡ ಸ್ಟೇಷನ್ನಾಗ ಗಾಡಿ ಬದಲಿಸ್ಲಿಕ್ಕೆ ಕಾಯ್ಕೋತ ಇದ್ದೆ. ಫೋನಿನಾಗ ಚಾರ್ಜ್ ತಳಾ ಹತ್ತಿತ್ತು. ಗ್ವಾಡಿಗಿದ್ದ ಎರಡೂ ಪ್ಲಗ್ಗಿಗೆ ಒಬ್ಬಾಂವಾ ತನ್ನ ಎರಡು ಫೋನು ಹಚ್ಚಿ ಗೊರಕಿ ಹೊಡೀಲಿಕತ್ತಿದ್ದ. ಮೈಯೆಲ್ಲಾ ಉರೀತು, ಆದ್ರ ಎಬ್ಬಸ್ಲಿಲ್ಲ. ಇಡೀ ಸಿನಿಮಾ ಬ್ಯಾಡ, ಕಡೀ ಸೀನಷ್ಟೇ ಸಾಕು ಅಂತ ಕೂಡ್ಲಿಕ್ಕೆ ಒಂದು ಕಟ್ಟಿ ಹುಡುಕಿದೆ. ಅಲ್ಲೆ ಕೂತಿದ್ದ ಸೊಲ್ಲಾಪುರದ ಕನ್ನಡದವ್ವ ಒಬ್ಬಾಕಿ ತನ್ನ ಗಂಟು ನೆಲಕ್ಕಿಟ್ಟು, “ಬಾ ತಂಗಿ, ಕೂಡು” ಅಂತ ಜಾಗಾ ಮಾಡಿಕೊಟ್ಲು.

ಕಡೀ ಸೀನು ಹಚ್ಚಿದೆ. ಸಾಹುಕಾರ ಜೇಬಿಗೆ ಕೈ ಹಾಕಿದ. “ಏನು ನೋಡ್ಲಿಕತ್ತಿ, ನನಗೂ ತೋರಸ್ವಾ” ಅಂದ್ಲು ಅವ್ವಾ. ಜಾಗಾ ಕೊಟ್ಟಾಕಿಗೆ ಇಲ್ಲ ಅನ್ನೋದು ಹೆಂಗ? ಅಕಿಗೆ ಕಣ್ಣು ಮಂಜು. ಫೋನು ಇಸ್ಕೊಂಡು ಮೂಗಿಗೆ ಹಚ್ಕೊಂಡ್ಲು. ನನಗ ಕಂಡದ್ದು ಫೋನಿನ ಬೆನ್ನು, ಮತ್ತ ಅವ್ವನ ಮಾರಿ. ಅವ್ವಾ ಸೆರಗು ಬಾಯಿಗಿಟ್ಟು ನಕ್ಕಳು, ಕಣ್ಣೀರು ಒರಸ್ಕೊಂಡ್ಲು, ದೇವರಿಗೆ ಕೈ ಮುಗದ್ಲು. ಆಮ್ಯಾಲೆ ಫೋನು ಕಣ್ಣು ಮುಚ್ಚಿತು.

ಅಕಿ ಗಾಡಿ ಬಂತು. ಅಕಿ ಗಂಟು ನಾನೇ ಎತ್ಕೊಂಡು ಹಿಂದಿಂದ ಓಡಿದೆ. ಅಂವ ಏನು ಕೊಟ್ಟ, ಇಳದನೋ ಇಲ್ಲೋ, ಅಷ್ಟು ಹೇಳಿಹೋಗವ್ವಾ ಅಂತ ಬೇಡ್ಕೊಂಡೆ. ಅವ್ವಾ ಕಿಡಕ್ಯಾಗಿಂದ ಕೈ ಹಾಕಿ ನನ್ನ ಗಲ್ಲಾ ಸವರಿದ್ಲು.

“ಇಷ್ಟು ಚಂದದ ಸಿನಿಮಾದ ಕಡೀ ಹೇಳಿ ನಿನ್ನ ಮಜಾ ಹಾಳು ಮಾಡೂವಷ್ಟು ಕೆಟ್ಟಾಕಿ ನಾ ಅಲ್ಲ ತಂಗಿ. ಮನೀಗೆ ಹೋಗಿ ಆರಾಮ ನೋಡು.”